ಮೂರು ಹೆಜ್ಜೆ ಹಿಂದಕ್ಕೆ

ಡೆನ್ಮಾರ್ಕ್ ದೇಶದ ರಾಜಧಾನಿಯಾದ ಕೋಪನ್‌ಹೇಗನ್ನಿನಿಂದ ಪಶ್ಚಿಮಕ್ಕೆ ಸುಮಾರು 30 ಕಿಲೋಮೀಟರು ದೂರದಲ್ಲಿ ರೋಸ್ಕಿಲ್ಡೆ ಎಂಬ ಹಳೆಯ ಪಟ್ಟಣವಿದೆ. ಆ ದೇಶದ ಅರಸರ ಸಮಾಧಿಗಳಿರುವ ಕೆಂಪು ಇಟ್ಟಿಗೆಯ ದೊಡ್ಡ ಇಗರ್ಜಿ ಅಲ್ಲಿದೆ. ಸುಮಾರು ಸಾವಿರ ವರ್ಷಗಳ ಹಿಂದಿನ ವೈಕಿಂಗ್ ನಾವಿಕರ ಹಡಗುಗಳನ್ನು ನೀರಿನಿಂದ ಎತ್ತಿ ಕಾಪಾಡಿರುವ ವಸ್ತುಸಂಗ್ರಹಾಲಯವೂ ಅಲ್ಲಿಯೇ ಇದೆ. ಆದರೆ ಯುರೋಪಿನ ತರುಣ ತರುಣಿಯರಿಗೆ ರೋಸ್ಕಿಲ್ಡೆ ಎಂದೊಡನೆ ನೆನಪಾಗುವುದು ಅರಸರೂ ಅಲ್ಲ, ಹಡಗುಗಳೂ ಅಲ್ಲ. ಬೇಸಗೆಯಲ್ಲಿ ಊರ ಹೊರಗಿನ ಬಯಲಿನಲ್ಲಿ ನೆರೆಯುವ ಸಂಗೀತದ ಜಾತ್ರೆ.

ಈ ಜಾತ್ರೆ ಆರಂಭವಾದುದು 1971ರಲ್ಲಿ. ಇಬ್ಬರು ಪ್ರೌಢಶಾಲಾ ವಿದ್ಯಾರ್ಥಿಗಳ ಉತ್ಸಾಹವೇ ಅದಕ್ಕೆ ಮೂಲವೆಂಬುದು ನಿಮಗೆ ಸೋಜಿಗವೆನಿಸಬಹುದು. ಮರುವರ್ಷದಿಂದ ಲಾಭದ ಉದ್ದೇಶವಿಲ್ಲದ ಸಂಸ್ಥೆಯೊಂದು ಅದರ ಹೊಣೆಯನ್ನು ವಹಿಸಿಕೊಂಡಿತು. ಬೇಲಿ ಕಟ್ಟುವುದರಿಂದ ಹಿಡಿದು ಕಸ ಗುಡಿಸುವವರೆಗೆ ಅಲ್ಲಿನ ಬಹುಪಾಲು ಕೆಲಸವನ್ನು ಸಂಬಳವಿಲ್ಲದ ಸ್ವಯಂಸೇವಕರೇ ಮಾಡುತ್ತಾರೆ. ಉಳಿದ ಹಣ ಮಕ್ಕಳ ಮತ್ತು ತರುಣರ ಹಿತಕ್ಕಾಗಿ ದಾನವಾಗಿ ಹೋಗುತ್ತದೆ. ಬಯಲಿನ ನಡುವೆ ಕಿತ್ತಳೆ ಬಣ್ಣದ ಬೃಹತ್ ಚಪ್ಪರವೊಂದು ಕಮಾನಿನಂತೆ ಎದ್ದು ನಿಲ್ಲುತ್ತದೆ. ಅದು 1976ರಲ್ಲಿ ರೋಲಿಂಗ್ ಸ್ಟೋನ್ಸ್ ಎಂಬ ಪ್ರಸಿದ್ಧ ತಂಡದ ಯುರೋಪ್ ಪ್ರವಾಸದಲ್ಲಿ ಬಳಕೆಯಾಗಿದ್ದ ಚಪ್ಪರ. ಜಾತ್ರೆಯವರು ಅದನ್ನು ಕೊಂಡು 1978ರಲ್ಲಿ ಇಲ್ಲಿ ನಿಲ್ಲಿಸಿದರು. ಅಂದಿನಿಂದ ಅಲ್ಲಿನ ಮುಖ್ಯ ವೇದಿಕೆಗೆ ಕಿತ್ತಳೆ ವೇದಿಕೆ ಎಂದೇ ಹೆಸರು.

2000ನೆಯ ಇಸವಿ ಜೂನ್ 30, ಶುಕ್ರವಾರ ರಾತ್ರಿ, ಅಮೆರಿಕದ ಪರ್ಲ್ ಜಾಮ್ ಎಂಬ ವಾದ್ಯತಂಡವು ಆ ವೇದಿಕೆಯ ಮೇಲೆ ಕಛೇರಿ ನಡೆಸಿತು. ಸುಮಾರು 50,000 ಜನ ಎದುರಿಗೆ ನಿಂತಿದ್ದರು. ಕಛೇರಿ ಪೂರ್ತಿಯಾಗಲಿಲ್ಲ. ಹಾಡು ಕೇಳಲು ಬಂದಿದ್ದ ಒಂಬತ್ತು ಮಂದಿ ತರುಣರು ಅಲ್ಲಿ ಪ್ರಾಣ ಕಳೆದುಕೊಂಡರು. ಬೆಂಕಿ ಬಿದ್ದಿರಲಿಲ್ಲ, ವೇದಿಕೆ ಕುಸಿದಿರಲಿಲ್ಲ, ಜಗಳವಾಗಿರಲಿಲ್ಲ, ಯಾರೂ ಹೆದರಿ ಓಡಿರಲೂ ಇಲ್ಲ. ಹಾಗಾದರೆ ಆದುದೇನು?

ಅದನ್ನು ತಿಳಿಯುವ ಮೊದಲು ಇಂತಹ ಕಛೇರಿಯ ಸ್ವರೂಪವನ್ನು ಅರಿಯಬೇಕು. ರಾಕ್ ಸಂಗೀತವು ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಅಮೆರಿಕದಲ್ಲಿ ಹುಟ್ಟಿ ಬೆಳೆದುದು. ವಿದ್ಯುತ್ ಗಿಟಾರ್, ಮಂದ್ರಸ್ವರಗಳನ್ನು ನುಡಿಸುವ ಬೇಸ್ ಗಿಟಾರ್, ಡ್ರಮ್ ಎಂಬ ತಾಳವಾದ್ಯಗಳ ಗುಂಪು, ಇವುಗಳ ಮೇಲೆ ಏರುವ ಮಾನವಕಂಠ, ಇಷ್ಟೇ ಅದರ ಮುಖ್ಯ ಸಾಮಗ್ರಿ. ಕ್ರಮೇಣ ಈ ಸಂಗೀತ ದೊಡ್ಡ ವ್ಯಾಪಾರವಾಯಿತು. 1980ರ ದಶಕದಲ್ಲಿ ವ್ಯಾಪಾರದ ಈ ಹಾದಿಯನ್ನು ಒಲ್ಲದ ಹಲವು ತಂಡಗಳು ಸಣ್ಣ ಧ್ವನಿಮುದ್ರಣ ಸಂಸ್ಥೆಗಳನ್ನೂ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ನಡೆಸುತ್ತಿದ್ದ ಬಾನುಲಿ ಕೇಂದ್ರಗಳನ್ನೂ ಆಶ್ರಯಿಸಿ ತಮ್ಮದೇ ಧಾಟಿಯಲ್ಲಿ ಹಾಡತೊಡಗಿದವು. ಇವುಗಳ ಸಂಗೀತಕ್ಕೆ ಪರ್ಯಾಯ ರಾಕ್ ಎಂಬ ಹೆಸರು ಬಂದಿತು. ಥಳುಕಿನ ಉಡುಪಿಲ್ಲ, ಬೀದಿಯಲ್ಲಿ ನಡೆದು ಬಂದ ಬಟ್ಟೆಯಲ್ಲಿಯೇ ವೇದಿಕೆಯನ್ನು ಏರುವುದು. ಒಂಟಿತನ, ಮನೆಯ ಕಲಹ, ಮನಸ್ಸಿನ ಕ್ಲೇಶ ಮುಂತಾದುವೇ ಹಾಡಿನ ವಸ್ತು. ಇಂತಹ ತಂಡಗಳ ಧ್ವನಿಮುದ್ರಿಕೆಗಳೂ 1991ರ ಅನಂತರ ಕೋಟಿಯ ಲೆಕ್ಕದಲ್ಲಿ ಮಾರಾಟವಾದವು. ಹೀಗಿರುವಾಗ ಅದು ಯಾವುದಕ್ಕೆ ಪರ್ಯಾಯವೆಂದು ಕೇಳಿದರೆ ಉತ್ತರ ಹೇಳುವುದು ಕಷ್ಟ. ಹೆಸರು ಮಾತ್ರ ಉಳಿದುಕೊಂಡಿತು.

ಪರ್ಲ್ ಜಾಮ್ ತಂಡವು ಕೂಡಿಕೊಂಡುದು 1990ರಲ್ಲಿ, ಅಮೆರಿಕದ ವಾಯವ್ಯ ಮೂಲೆಯಲ್ಲಿರುವ ಸಿಯಾಟಲ್ ನಗರದಲ್ಲಿ. ಎಡ್ಡಿ ವೆಡ್ಡರ್ ಅದರ ಗಾಯಕ. ಸ್ಟೋನ್ ಗೊಸಾರ್ಡ್ ಮತ್ತು ಮೈಕ್ ಮೆಕ್‌ಕ್ರೀಡಿ ಗಿಟಾರ್ ನುಡಿಸುವವರು. ಜೆಫ್ ಅಮೆಂಟ್ ಬೇಸ್ ಗಿಟಾರಿನವನು. 2000ದ ಸುಮಾರಿಗೆ ಡ್ರಮ್ ಬಾರಿಸುತ್ತಿದ್ದವನು ಮ್ಯಾಟ್ ಕ್ಯಾಮೆರಾನ್. 1991ರಲ್ಲಿ ಹೊರಬಂದ ಅವರ ಮೊದಲನೆಯ ಧ್ವನಿಮುದ್ರಿಕೆ ಒಂದು ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಯಿತು. ಕೇಳುಗರ ವಿಷಯದಲ್ಲಿ ಈ ತಂಡಕ್ಕಿದ್ದ ಕಾಳಜಿ ಸಾಮಾನ್ಯವಾದುದಲ್ಲ. ಟಿಕೆಟಿನ ಬೆಲೆಯ ಮೇಲೆ ಸೇವಾಶುಲ್ಕವೆಂದು ಹೇರುತ್ತಿದ್ದ ಹಣವು ತರುಣರಿಗೆ ಹೊರೆಯಾಗುತ್ತಿದೆಯೆಂದು ಅವರು ಆ ದೇಶದ ಅತಿ ದೊಡ್ಡ ಟಿಕೆಟ್ ಮಾರಾಟ ಸಂಸ್ಥೆಯ ವಿರುದ್ಧವೇ ದೂರು ಸಲ್ಲಿಸಿದರು. ಗೊಸಾರ್ಡ್ ಮತ್ತು ಅಮೆಂಟ್ ಇಬ್ಬರೂ ಅಮೆರಿಕದ ಸಂಸತ್ತಿನ ಉಪಸಮಿತಿಯೊಂದರ ಮುಂದೆ ನಿಂತು ಸಾಕ್ಷ್ಯ ನುಡಿದರು. ಅದು 1994ನೆಯ ಇಸವಿ ಜೂನ್ 30. ರೋಸ್ಕಿಲ್ಡೆಯ ದುರಂತಕ್ಕೆ ಸರಿಯಾಗಿ ಆರು ವರ್ಷಗಳ ಹಿಂದಿನ ಮಾತು.

ನಮ್ಮ ಸಂಗೀತ ಕಛೇರಿಗಳಲ್ಲಿ ಕೇಳುಗರು ಕುಳಿತು ತಲೆದೂಗುತ್ತಾರೆ, ತೊಡೆಯ ಮೇಲೆ ತಾಳ ಹಾಕುತ್ತಾರೆ. ಬಯಲಿನ ರಾಕ್ ಕಛೇರಿಯಲ್ಲಿ ಮುಂಭಾಗದಲ್ಲಿ ಆಸನಗಳೇ ಇರುವುದಿಲ್ಲ. ಜನ ನಿಂತಿರುತ್ತಾರೆ, ತಾಳಕ್ಕೆ ತಕ್ಕಂತೆ ನೆಗೆಯುತ್ತಾರೆ, ಒಬ್ಬರ ಮೇಲೊಬ್ಬರು ವಾಲುತ್ತಾರೆ. ಕೆಲವರು ನೆರೆದವರ ಕೈಗಳ ಮೇಲೆ ಅಂಗಾತವಾಗಿ ಮಲಗಿ, ತಲೆಗಳ ಮೇಲಿನಿಂದಲೇ ತೇಲುತ್ತ ವೇದಿಕೆಯ ಕಡೆಗೆ ಸಾಗುವುದೂ ಉಂಟು. ವೇದಿಕೆಯ ಮುಂದೆ ಉಕ್ಕಿನ ತಡೆಗೋಡೆಯೊಂದಿರುತ್ತದೆ. ತಡೆಗೋಡೆಗೂ ವೇದಿಕೆಗೂ ನಡುವಿನ ಓಣಿಯಲ್ಲಿ ಕಾವಲಿನವರು ನಿಂತು, ಹೀಗೆ ತೇಲಿ ಬಂದವರನ್ನು ಇಳಿಸಿಕೊಂಡು ಪಕ್ಕಕ್ಕೆ ಕಳುಹಿಸುತ್ತಾರೆ. ಹೊರಗಿನಿಂದ ನೋಡುವವರಿಗೆ ಇದೆಲ್ಲ ಹುಚ್ಚಾಟವೆಂದು ತೋರಬಹುದು. ಒಳಗಿರುವವರಿಗೆ ಅದು ಸಾವಿರಾರು ಅಪರಿಚಿತರೊಡನೆ ಒಂದಾಗಿ ಮೈಮರೆಯುವ ಗಳಿಗೆ. ಬಿದ್ದವರನ್ನು ಪಕ್ಕದವರು ತೋಳು ಹಿಡಿದು ಎಬ್ಬಿಸಬೇಕೆಂಬುದು ಅಲ್ಲಿನ ಬರೆಯದ ಕಟ್ಟಳೆ.

ಐವತ್ತು ಸಾವಿರ ಜನರಿಗೆ ಹಾಡು ಒಂದೇ ತೆರನಾಗಿ ಕೇಳಿಸುವಂತೆ ಮಾಡುವುದು ಸುಲಭದ ಕೆಲಸವಲ್ಲ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ವೇಗದಲ್ಲಿ ಚಲಿಸುತ್ತದೆ ಎಂಬುದನ್ನು ನೀವು ವಿಜ್ಞಾನದ ಪಾಠದಲ್ಲಿ ಓದಿರುತ್ತೀರಿ. ಎಂದರೆ ವೇದಿಕೆಯಿಂದ 170 ಮೀಟರು ದೂರದಲ್ಲಿ ನಿಂತವನಿಗೆ ಡ್ರಮ್ಮಿನ ಪೆಟ್ಟು ಕೇಳಿಸುವುದು ಅದು ಬಿದ್ದ ಅರ್ಧ ಸೆಕೆಂಡಿನ ಅನಂತರ. ಅಷ್ಟು ದೂರಕ್ಕೆ ಹೋಗುವಷ್ಟರಲ್ಲಿ ಶಬ್ದ ಕ್ಷೀಣಿಸುವುದರಿಂದ ಬಯಲಿನ ನಡುವೆ ಅಲ್ಲಲ್ಲಿ ಗೋಪುರಗಳನ್ನು ನಿಲ್ಲಿಸಿ ಬೇರೆ ಧ್ವನಿವರ್ಧಕಗಳನ್ನು ಕಟ್ಟುತ್ತಾರೆ. ಆದರೆ ತಂತಿಯ ಮೂಲಕ ಹೋಗುವ ವಿದ್ಯುತ್ ಸಂಕೇತವು ಕ್ಷಣಮಾತ್ರದಲ್ಲಿ ಗೋಪುರವನ್ನು ಮುಟ್ಟಿಬಿಡುತ್ತದೆ. ಅದನ್ನು ಹಾಗೆಯೇ ನುಡಿಸಿದರೆ ದೂರದಲ್ಲಿರುವವನಿಗೆ ಒಂದೇ ಪೆಟ್ಟು ಎರಡು ಬಾರಿ ಕೇಳಿಸುವುದು. ಆದುದರಿಂದ ಗೋಪುರದ ಧ್ವನಿಯನ್ನು ಬೇಕೆಂದೇ ಅಷ್ಟು ಹೊತ್ತು ತಡೆದು ಬಿಡುತ್ತಾರೆ. ಇಷ್ಟೆಲ್ಲ ಮಾಡಿದರೂ ಗಾಳಿ ಜೋರಾಗಿ ಬೀಸುವ ದಿನ ಶಬ್ದ ಚದರಿಹೋಗುತ್ತದೆ. ಸರಿಯಾಗಿ ಕೇಳಿಸದಿದ್ದಾಗ ಮನುಷ್ಯ ಮಾಡುವುದೇನು? ಒಂದು ಹೆಜ್ಜೆ ಮುಂದಕ್ಕೆ ಇಡುತ್ತಾನೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಸಾವಿರಾರು ಜನ ಅದೇ ಒಂದು ಹೆಜ್ಜೆಯನ್ನು ಇಟ್ಟರೆ ಮುಂದಿನ ಸಾಲಿನವರಿಗೆ ಹೋಗಲು ಎಡೆಯಿರುವುದಿಲ್ಲ.

ಜೂನ್ 30ರಂದು ರೋಸ್ಕಿಲ್ಡೆಯಲ್ಲಿ ಮಳೆಯೂ ಇತ್ತು, ಗಾಳಿಯೂ ಇತ್ತು. ನೆಲ ನೆನೆದು ಜಾರುತ್ತಿತ್ತು. ಉತ್ತರದ ಆ ನಾಡಿನಲ್ಲಿ ಬೇಸಗೆಯ ಸಂಜೆ ಬಹಳ ದೀರ್ಘ. ರಾತ್ರಿ ಹತ್ತು ಗಂಟೆಯಾದರೂ ಬೆಳಕು ಪೂರ್ತಿ ಆರಿರುವುದಿಲ್ಲ. ಹತ್ತೂವರೆಯ ಸುಮಾರಿಗೆ ಪರ್ಲ್ ಜಾಮ್ ತಂಡದವರು ವೇದಿಕೆಗೆ ಬಂದರು. ಹಾಡಿನ ಮೇಲೆ ಹಾಡು ಸಾಗಿತು. ಮುಂಭಾಗದಲ್ಲಿ ಒತ್ತಡ ಹೆಚ್ಚುತ್ತ ಬಂದಿತು. ತಡೆಗೋಡೆಯಿಂದ ಕೆಲವು ಮೀಟರುಗಳಷ್ಟು ಹಿಂದೆ, ದಟ್ಟಣೆ ಅತ್ಯಧಿಕವಾಗಿದ್ದ ಕಡೆ, ಕೆಲವರು ಜಾರಿ ಬಿದ್ದರು.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಒಂದು ಮೀಟರು ಉದ್ದ, ಒಂದು ಮೀಟರು ಅಗಲದ ಚೌಕವೊಂದನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಿ. ಅದರಲ್ಲಿ ಇಬ್ಬರು ನಿಂತರೆ ಆರಾಮವಾಗಿ ಮಾತನಾಡಬಹುದು. ನಾಲ್ವರು ನಿಂತರೆ ತೋಳಿಗೆ ತೋಳು ತಾಗುತ್ತದೆ; ಆದರೂ ಬೇಕಾದವರು ಹೊರಗೆ ಬರಬಹುದು. ಆರೇಳು ಮಂದಿ ನಿಂತರೆ ಕೆಳಗಿಳಿದ ಕೈಯನ್ನು ಮೇಲೆತ್ತಲೂ ಆಗದು. ಈ ಮಟ್ಟದಲ್ಲಿ ಜನಸಮೂಹದ ಸ್ವಭಾವವೇ ಬದಲಾಗುತ್ತದೆ. ಅಲ್ಲಿಯವರೆಗೆ ಅದು ತಮ್ಮ ತಮ್ಮ ಇಚ್ಛೆಯಂತೆ ನಡೆಯುವ ವ್ಯಕ್ತಿಗಳ ಗುಂಪು. ಅನಂತರ ಅದೊಂದು ದ್ರವ. ಕೆರೆಯ ನೀರಿನಲ್ಲಿ ಅಲೆ ಹರಿಯುವಂತೆ ಜನರಲ್ಲಿ ಅಲೆ ಹರಿಯುತ್ತದೆ. ಒಬ್ಬೊಬ್ಬನದೂ ಅಲ್ಪವಾದ ವಾಲುವಿಕೆ. ಸಾಲಿನಿಂದ ಸಾಲಿಗೆ ಅದು ಕೂಡಿಕೊಳ್ಳುತ್ತ ಹೋಗಿ ಉಕ್ಕಿನ ಕಂಬಿಗಳನ್ನೂ ಬಾಗಿಸುವಷ್ಟು ಬಲವಾಗುತ್ತದೆ. ಅಲೆ ಬಂದಾಗ ಕಾಲು ನೆಲವನ್ನು ಬಿಟ್ಟು ಎತ್ತ ಹೋಗುವುದೋ ಅತ್ತ ಹೋಗಬೇಕಲ್ಲದೆ ಸ್ವಂತ ಇಚ್ಛೆಗೆ ಅಲ್ಲಿ ಬೆಲೆಯಿಲ್ಲ.

ಸ್ಪೇನ್ ದೇಶದ ಪಾಂಪ್ಲೋನಾ ನಗರದಲ್ಲಿ ಪ್ರತಿ ವರ್ಷ ನಡೆಯುವ ಉತ್ಸವವೊಂದರ ಆರಂಭದಲ್ಲಿ ಸಾವಿರಾರು ಜನ ಚಿಕ್ಕ ಚೌಕವೊಂದರಲ್ಲಿ ಕಿಕ್ಕಿರಿಯುತ್ತಾರೆ. ಭೌತವಿಜ್ಞಾನಿಗಳು ಹಲವು ವರ್ಷಗಳ ಕಾಲ ಈ ನೋಟವನ್ನು ಎತ್ತರದಿಂದ ಚಿತ್ರೀಕರಿಸಿ, 2025ರಲ್ಲಿ ತಮ್ಮ ಶೋಧನೆಯನ್ನು ಪ್ರಕಟಿಸಿದರು. ಚದರ ಮೀಟರಿಗೆ ಸುಮಾರು ನಾಲ್ವರ ಮಿತಿಯನ್ನು ದಾಟಿದೊಡನೆ, ಹೊರಗಿನಿಂದ ಯಾರೂ ನೂಕದಿದ್ದರೂ, ನೂರಾರು ಜನರ ಗುಂಪುಗಳು ತಾವಾಗಿಯೇ ಸುತ್ತುಸುತ್ತಾಗಿ ಓಲಾಡತೊಡಗುವುದು ಕಂಡುಬಂದಿತು. ಅಲ್ಲಿ ಒಂದು ಸುತ್ತಿಗೆ ಹಿಡಿದ ಕಾಲ ಸುಮಾರು 18 ಸೆಕೆಂಡು. ಎಂದರೆ ನೂಕುವ ದುಷ್ಟನೊಬ್ಬನು ಎಲ್ಲೋ ಇರಲೇಬೇಕೆಂದಿಲ್ಲ. ದಟ್ಟಣೆಯೇ ನೂಕುತ್ತದೆ.

ಇಂತಹ ಸ್ಥಿತಿಯಲ್ಲಿ ನಿಂತವರು ಒಬ್ಬರಿಗೊಬ್ಬರು ಆನಿಕೆಯಾಗಿರುತ್ತಾರೆ. ಒಬ್ಬನು ಬಿದ್ದರೆ ಅವನನ್ನು ಆತುಕೊಂಡಿದ್ದವನ ಮುಂದೆ ಹಳ್ಳ ಬಿದ್ದಂತಾಗುತ್ತದೆ. ಹಿಂದಿನ ಒತ್ತಡ ಅವನನ್ನೂ ಆ ಹಳ್ಳಕ್ಕೆ ಕೆಡವುತ್ತದೆ. ಅವನ ಮೇಲೆ ಮತ್ತೊಬ್ಬನನ್ನು. ಪಕ್ಕದವರು ಕೈ ನೀಡಿ ಎಬ್ಬಿಸೋಣವೆಂದರೆ ಬಗ್ಗಲು ಎಡೆಯಿಲ್ಲ. ಬರೆಯದ ಕಟ್ಟಳೆಯನ್ನು ಪಾಲಿಸಬೇಕೆಂಬ ಮನಸ್ಸು ಎಲ್ಲರಿಗೂ ಇದ್ದರೂ ಶಕ್ತಿ ಯಾರಿಗೂ ಇರುವುದಿಲ್ಲ.

ನಾವು ಉಸಿರು ಎಳೆದುಕೊಳ್ಳುವಾಗ ಪಕ್ಕೆಲುಬುಗಳು ಹೊರಕ್ಕೂ ಮೇಲಕ್ಕೂ ಸರಿಯುತ್ತವೆ, ವಪೆಯು ಕೆಳಕ್ಕೆ ಇಳಿಯುತ್ತದೆ, ಎದೆಯ ಗೂಡು ಹಿಗ್ಗುತ್ತದೆ. ಹಿಗ್ಗಲು ಜಾಗವಿಲ್ಲದಿದ್ದರೆ ಸುತ್ತಲೂ ಗಾಳಿಯಿದ್ದರೂ ಅದು ಶ್ವಾಸಕೋಶವನ್ನು ಸೇರದು. ಮೂಗು ಬಾಯಿಗಳು ತೆರೆದೇ ಇದ್ದು, ಮೇಲೆ ವಿಶಾಲವಾದ ಆಕಾಶವಿದ್ದು, ಮನುಷ್ಯ ಉಸಿರು ಕಟ್ಟಿ ಸಾಯುತ್ತಾನೆ. ಕೂಗಿ ಕರೆಯಲೂ ಉಸಿರು ಬೇಕು. ಆದುದರಿಂದ ಆಪತ್ತಿನಲ್ಲಿರುವವರ ಕೂಗು ಹೊರಗೆ ಕೇಳಿಸುವುದೇ ಇಲ್ಲ. ಕೂಗಿದರೂ ಧ್ವನಿವರ್ಧಕಗಳ ಅಬ್ಬರದಲ್ಲಿ ಕೇಳುವವರಾರು? ಪ್ರಾಣವಾಯು ದೊರೆಯದಿದ್ದರೆ ಮೆದುಳು ಕೆಲವೇ ನಿಮಿಷಗಳಲ್ಲಿ ಸರಿಪಡಿಸಲಾಗದ ಹಾನಿಗೆ ಗುರಿಯಾಗುತ್ತದೆ.

ಅಂದು ರೋಸ್ಕಿಲ್ಡೆಯಲ್ಲಿ ಎಲ್ಲಕ್ಕಿಂತ ಕ್ರೂರವಾದ ಸಂಗತಿಯೆಂದರೆ, ಹಿಂದಿದ್ದವರಿಗೆ ಏನೊಂದೂ ತಿಳಿದಿರಲಿಲ್ಲ. ಒತ್ತಡವು ಹಿಂದಿನಿಂದ ಮುಂದಕ್ಕೆ ಹರಿಯುತ್ತದೆ. ಸುದ್ದಿಯು ಮುಂದಿನಿಂದ ಹಿಂದಕ್ಕೆ ಹರಿಯುವುದಿಲ್ಲ. ತೇರಿನ ಹಗ್ಗದ ತುದಿಯನ್ನು ಹಿಡಿದು ಎಳೆಯುವವನಿಗೆ ಗಾಲಿಯ ಬಳಿ ಏನಾಗಿದೆಯೆಂಬುದು ತಿಳಿಯುವುದೆಂತು? ಅವನು ಭಕ್ತಿಯಿಂದ ಎಳೆಯುತ್ತಲೇ ಇರುತ್ತಾನೆ. ಹಾಗೆಯೇ ಬಯಲಿನ ಹಿಂಬದಿಯ ಹತ್ತಾರು ಸಾವಿರ ಜನ ಮಳೆಯಲ್ಲಿ ನೆನೆಯುತ್ತ, ಹಾಡುತ್ತ, ಸಂತೋಷದಿಂದಲೇ ಇದ್ದರು. ವೇದಿಕೆಯ ಮೇಲಿನವರ ಕಣ್ಣಿಗೆ ಪ್ರಖರವಾದ ದೀಪಗಳ ಬೆಳಕು ಬಡಿಯುತ್ತಿರುವಾಗ ತಲೆಗಳ ಸಮುದ್ರದಲ್ಲಿ ಒಂದೆಡೆ ಹಳ್ಳ ಬಿದ್ದಿರುವುದು ಕಾಣುವುದು ಕಷ್ಟ. ಕಂಡವರು ತಡೆಗೋಡೆಯ ಬಳಿಯ ಕಾವಲಿನವರು. ಆದರೆ ಕಛೇರಿಯನ್ನು ನಿಲ್ಲಿಸುವ ಅಧಿಕಾರ ಅವರ ಕೈಯಲ್ಲಿರಲಿಲ್ಲ. ಅವರು ಮೇಲಿನವರಿಗೆ ತಿಳಿಸಿ, ಮೇಲಿನವರು ಅವರ ಮೇಲಿನವರಿಗೆ ತಿಳಿಸಿ, ಮಾತು ತಂಡದ ವ್ಯವಸ್ಥಾಪಕರನ್ನು ಮುಟ್ಟಿ, ಅಲ್ಲಿಂದ ಗಾಯಕನ ಕಿವಿಗೆ ಬೀಳುವಷ್ಟರಲ್ಲಿ ಅಮೂಲ್ಯವಾದ ನಿಮಿಷಗಳು ಕಳೆದುಹೋಗಿದ್ದವು.

ಮಾತು ಕಿವಿಗೆ ಬಿದ್ದೊಡನೆ ತಂಡವು ಸಂಗೀತವನ್ನು ನಿಲ್ಲಿಸಿತು. ಎಡ್ಡಿ ವೆಡ್ಡರ್ ಜನರನ್ನು ಗದರಲಿಲ್ಲ, ಭಯವನ್ನೂ ಬಿತ್ತಲಿಲ್ಲ. ಇನ್ನು ಐದು ನಿಮಿಷ ನಡೆಯಲಿರುವುದಕ್ಕೂ ಸಂಗೀತಕ್ಕೂ ಸಂಬಂಧವಿಲ್ಲವೆಂದೂ, ಆದರೂ ಅದು ಬಹಳ ಮುಖ್ಯವೆಂದೂ ಹೇಳಿದನು. ನಾನು ನಿಮ್ಮ ಗೆಳೆಯನೆಂದು ಭಾವಿಸಿ, ನನಗೆ ನೋವಾಗದಂತೆ ನೀವು ಹಿಂದೆ ಸರಿಯಬೇಕಾಗಿದೆಯೆಂದು ತಿಳಿಯಿರಿ, ನಿಮ್ಮೆಲ್ಲರ ಗೆಳೆಯರೂ ಮುಂದೆ ಇದ್ದಾರೆ, ಎಂಬ ಅರ್ಥದ ಮಾತುಗಳನ್ನಾಡಿದನು. ನಾನು ಮೂರರವರೆಗೆ ಎಣಿಸುತ್ತೇನೆ, ಆಗ ಎಲ್ಲರೂ ಮೂರು ಹೆಜ್ಜೆ ಹಿಂದಕ್ಕೆ ಇಡಬೇಕು, ಒಪ್ಪಿಗೆಯೆ ಎಂದು ಕೇಳಿದನು. ಜನಸಮೂಹ ಒಪ್ಪಿಗೆಯೆಂದು ಕೂಗಿತು. ಅವನು ಎಣಿಸಿದನು. ಜನ ಹಿಂದಕ್ಕೆ ಸರಿದರು.

ಈ ಸಂಗತಿಯನ್ನು ಎಷ್ಟು ಸಾರಿ ನೆನೆದರೂ ಸಾಲದು. ಅಷ್ಟು ಹೊತ್ತು ಯಾರಿಂದಲೂ ತಡೆಯಲಾಗದಿದ್ದ ಒತ್ತಡವು ಒಬ್ಬನ ಮಾತಿನಿಂದ ಸಡಿಲವಾಯಿತು. ಏಕೆಂದರೆ ಅಲ್ಲಿದ್ದವರು ಕ್ರೂರಿಗಳಾಗಿರಲಿಲ್ಲ, ತಿಳಿಯದವರಾಗಿದ್ದರು. ತಿಳಿದೊಡನೆ ಸರಿದರು. ಎಲ್ಲರಿಗೂ ಏಕಕಾಲದಲ್ಲಿ ಕೇಳಿಸುವ ಮಾತು ಆ ಬಯಲಿನಲ್ಲಿ ಒಬ್ಬನದು ಮಾತ್ರವಾಗಿತ್ತು.

ಆದರೆ ಜನ ಸರಿದಾಗ ನೆಲ ಕಾಣಿಸಿತು. ನೆಲದ ಮೇಲೆ ಚಲನೆಯಿಲ್ಲದೆ ಬಿದ್ದಿದ್ದವರು ಕಾಣಿಸಿದರು. ಕಾವಲಿನವರೂ ವೈದ್ಯರೂ ಅವರನ್ನು ತಡೆಗೋಡೆಯಿಂದ ಈಚೆಗೆ ಎತ್ತಿಕೊಂಡರು. ವೇದಿಕೆಯ ಮೇಲೆ ವೆಡ್ಡರ್ ಮಂಡಿಯೂರಿ ಕುಸಿದು ಅತ್ತನು. ಎಂಟು ಮಂದಿ ಆ ರಾತ್ರಿಯೇ ತೀರಿಕೊಂಡರು. ಒಂಬತ್ತನೆಯವನು ಕೆಲವು ದಿನಗಳ ಅನಂತರ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದನು. ಎಲ್ಲರೂ ಹುಡುಗರು, 17 ರಿಂದ 26 ವರ್ಷ ವಯಸ್ಸಿನವರು. ಮೂವರು ಡೆನ್ಮಾರ್ಕಿನವರು, ಮೂವರು ಸ್ವೀಡನ್ನಿನವರು. ಜರ್ಮನಿ, ಹಾಲೆಂಡ್ ಮತ್ತು ದೂರದ ಆಸ್ಟ್ರೇಲಿಯಗಳಿಂದ ಬಂದವರು ಒಬ್ಬೊಬ್ಬರು.

ಆ ರಾತ್ರಿ ಅದೇ ವೇದಿಕೆಯ ಮುಂದಿನ ಕಛೇರಿ ರದ್ದಾಯಿತು. ಆದರೆ ಜಾತ್ರೆಯನ್ನು ಪೂರ್ತಿಯಾಗಿ ನಿಲ್ಲಿಸಲಿಲ್ಲ. ಇದನ್ನು ಒಪ್ಪದೆ ಕೆಲವು ತಂಡಗಳು ಹಾಡಲೊಲ್ಲೆವೆಂದು ಹಿಂದೆ ಸರಿದವು. ಪೋಲೀಸರು ತನಿಖೆ ನಡೆಸಿ, ಯಾರ ಮೇಲೂ ಅಪರಾಧದ ಮೊಕದ್ದಮೆ ಹೂಡಲು ಆಧಾರವಿಲ್ಲವೆಂದು ತೀರ್ಮಾನಿಸಿದರು. ಮಕ್ಕಳನ್ನು ಕಳೆದುಕೊಂಡವರಿಗೆ ಈ ಉತ್ತರದಿಂದ ಸಮಾಧಾನವಾಗುವುದು ಹೇಗೆ? ಡೆನ್ಮಾರ್ಕಿನ ಸಂಸ್ಕೃತಿ ಸಚಿವಾಲಯವು ತಜ್ಞರ ತಂಡವೊಂದನ್ನು ನೇಮಿಸಿ, ಇಂತಹ ಕಛೇರಿಗಳಲ್ಲಿ ಜನರ ಸುರಕ್ಷತೆಯನ್ನು ಕುರಿತು ವರದಿಯನ್ನು ತರಿಸಿಕೊಂಡಿತು.

ಇಂತಹ ದುರಂತಗಳಿಗೆ ಪತ್ರಿಕೆಗಳಲ್ಲಿ ರೂಢಿಯಾಗಿರುವ ಹೆಸರು ಕಾಲ್ತುಳಿತ. ಅದು ಅಷ್ಟು ಸರಿಯಾದ ಮಾತಲ್ಲ. ಓಡುವ ಜನ ಬಿದ್ದವರನ್ನು ತುಳಿದುಕೊಂಡು ಹೋದರೆಂಬ ಚಿತ್ರವನ್ನು ಆ ಪದ ನಮ್ಮ ಮನಸ್ಸಿನಲ್ಲಿ ಮೂಡಿಸುತ್ತದೆ; ತಪ್ಪನ್ನು ಸದ್ದಿಲ್ಲದೆ ಜನರ ಮೇಲೆ ಹೊರಿಸುತ್ತದೆ. ನಿಜವಾಗಿ ಅಲ್ಲಿ ಓಡಲು ಜಾಗವೇ ಇರುವುದಿಲ್ಲ. ಸಾಯುವವರಲ್ಲಿ ಬಹುಮಂದಿ ಸಾಯುವುದು ತುಳಿತದಿಂದಲ್ಲ, ಉಸಿರುಗಟ್ಟಿ, ಕೆಲವರು ನಿಂತಲ್ಲಿಯೇ. 1979ರ ಡಿಸೆಂಬರ್ 3ರಂದು ಅಮೆರಿಕದ ಸಿನ್ಸಿನಾಟಿ ನಗರದಲ್ಲಿ ದ ಹೂ ಎಂಬ ತಂಡದ ಕಛೇರಿಗೆ ಮುಂಚೆ ಮುಚ್ಚಿದ ಬಾಗಿಲುಗಳ ಹೊರಗೆ 11 ಮಂದಿ ಸತ್ತುದೂ ಹೀಗೆಯೇ. 2021ರ ನವೆಂಬರ್ 5ರಂದು ಅದೇ ದೇಶದ ಹ್ಯೂಸ್ಟನ್ ನಗರದ ಸಂಗೀತೋತ್ಸವವೊಂದರ ಇಕ್ಕಟ್ಟಿನಲ್ಲಿ 10 ಮಂದಿ ಸತ್ತರು. ನಮಗೆ ಇದು ದೂರದ ನಾಡುಗಳ ಸುದ್ದಿಯಾಗಿ ಉಳಿದಿಲ್ಲ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ, ಕ್ರಿಕೆಟ್ ತಂಡವೊಂದರ ವಿಜಯೋತ್ಸವವನ್ನು ನೋಡಲು ನೆರೆದಿದ್ದ ಜನರಲ್ಲಿ 11 ಮಂದಿ ಪ್ರಾಣ ತೆತ್ತರು. ಅವರಲ್ಲಿ ನಿಮ್ಮ ವಯಸ್ಸಿನವರೂ ಇದ್ದರು.

ದುರಂತದ ಅನಂತರ ರೋಸ್ಕಿಲ್ಡೆಯವರು ಕಿತ್ತಳೆ ವೇದಿಕೆಯ ಮುಂಭಾಗವನ್ನು ಬೇರೆಯಾಗಿ ಕಟ್ಟಿದರು. ಮೊದಲು ಐವತ್ತು ಸಾವಿರ ಜನರ ಒತ್ತಡವೂ ಅಡೆತಡೆಯಿಲ್ಲದೆ ಒಂದೇ ತಡೆಗೋಡೆಯ ಮೇಲೆ ಬೀಳುವಂತಿತ್ತು. ಈಗ ವೇದಿಕೆಗೆ ಅತಿ ಹತ್ತಿರದ ಜಾಗವನ್ನು ಗಟ್ಟಿಯಾದ ಬೇಲಿಗಳಿಂದ ಪ್ರತ್ಯೇಕ ಆವರಣಗಳಾಗಿ ಮಾಡಿದ್ದಾರೆ. ಗೊತ್ತಾದ ಸಂಖ್ಯೆಯ ಜನ ಒಳಗೆ ಹೋದೊಡನೆ ಅದರ ಬಾಗಿಲನ್ನು ಮುಚ್ಚುತ್ತಾರೆ. ಹಿಂದಿನವರ ಒತ್ತಡ ಮುಂದಿನವರನ್ನು ಮುಟ್ಟದೆ ಬೇಲಿಯಲ್ಲಿಯೇ ನಿಲ್ಲುತ್ತದೆ. ಗಟ್ಟಿಯಾದ ಕೆರೆಯ ಏರಿಯನ್ನು ಕಟ್ಟುವವರು ನೀರಿನ ಒತ್ತಡವನ್ನು ಲೆಕ್ಕ ಹಾಕುವಂತೆ ಇಲ್ಲಿ ಜನರ ಒತ್ತಡವನ್ನು ಲೆಕ್ಕ ಹಾಕುತ್ತಾರೆ. ತಲೆಗಳ ಮೇಲೆ ತೇಲುವ ಆಟಕ್ಕೆ ನಿಷೇಧವಿದೆ. ತಡೆಗೋಡೆಯ ಬಳಿಯ ಸ್ವಯಂಸೇವಕರು ಮುಂದಿನ ಸಾಲಿನವರಿಗೆ ಲೋಟಗಳಲ್ಲಿ ನೀರು ಕೊಡುತ್ತಾರೆ. ನೀರು ಕೊಡುವುದು ಒಂದು ನೆವ. ಪ್ರತಿಯೊಬ್ಬರ ಮುಖವನ್ನು ಹತ್ತಿರದಿಂದ ನೋಡಲು ಅದರಿಂದ ಅವಕಾಶವಾಗುತ್ತದೆ.

ಪರ್ಲ್ ಜಾಮ್ ತಂಡದವರು ಯುರೋಪಿನಲ್ಲಿ ಉಳಿದಿದ್ದ ಕಛೇರಿಗಳನ್ನು ರದ್ದುಗೊಳಿಸಿ ತಮ್ಮ ದೇಶಕ್ಕೆ ಮರಳಿದರು. ತಂಡವನ್ನೇ ಮುರಿದುಬಿಡೋಣವೆ ಎಂಬ ಯೋಚನೆಯೂ ಅವರಿಗೆ ಬಂದಿತ್ತು. ಆಗಸ್ಟ್ ತಿಂಗಳಲ್ಲಿ ಅಮೆರಿಕದಲ್ಲಿ ಮತ್ತೆ ವೇದಿಕೆಯನ್ನು ಏರಿದರಾದರೂ ಬಯಲಿನ ದೊಡ್ಡ ಉತ್ಸವಗಳ ಕಡೆಗೆ ವರ್ಷಗಟ್ಟಲೆ ತಲೆಹಾಕಲಿಲ್ಲ. 2006ರಲ್ಲಿ ಇಂಗ್ಲೆಂಡಿನ ರೆಡಿಂಗ್ ಮತ್ತು ಲೀಡ್ಸ್ ಉತ್ಸವಗಳಲ್ಲಿ ಹಾಡಿದುದೇ ರೋಸ್ಕಿಲ್ಡೆಯ ಅನಂತರ ಅಂತಹ ಮೊದಲನೆಯ ಸಂದರ್ಭ. ಸತ್ತವರಲ್ಲಿ ಕೆಲವರ ಮನೆಯವರೊಡನೆ ಅವರಿಗೆ ಸ್ನೇಹ ಬೆಳೆಯಿತು. 2002ರಲ್ಲಿ ಹೊರಬಂದ ಅವರ ಹಾಡೊಂದರಲ್ಲಿ ಆ ಒಂಬತ್ತು ಮಂದಿಯ ನೆನಪಿದೆ.

ಆ ವರ್ಷ ಅವರು ಇನ್ನೊಂದು ಹೊಸ ಕೆಲಸಕ್ಕೆ ಕೈಹಾಕಿದ್ದರು. ಜನರು ಕದ್ದು ಧ್ವನಿಮುದ್ರಿಸಿ ಹೆಚ್ಚಿನ ಬೆಲೆಗೆ ಮಾರುವುದನ್ನು ತಪ್ಪಿಸಲು ತಮ್ಮ ಪ್ರವಾಸದ ಕಛೇರಿಗಳನ್ನು ತಾವೇ ಧ್ವನಿಮುದ್ರಿಸಿ ಕಡಿಮೆ ಬೆಲೆಗೆ ಕೊಡತೊಡಗಿದ್ದರು. ಹಾಡಿದ ಊರು ಮತ್ತು ದಿನಾಂಕಗಳೇ ಆ ಮುದ್ರಿಕೆಗಳ ಹೆಸರು. 2000ದ ಪ್ರವಾಸದಿಂದ ಹೀಗೆ 72 ಮುದ್ರಿಕೆಗಳು ಹೊರಬಂದವು. ಅವುಗಳಲ್ಲಿ ಜೂನ್ 30ರ ರೋಸ್ಕಿಲ್ಡೆ ಇಲ್ಲ. ಆ ಬಯಲಿನಲ್ಲಿ ಈಗ ಒಂದು ಕಲ್ಲನ್ನು ನಿಲ್ಲಿಸಿದ್ದಾರೆ. ಅದರ ಬಳಿ ಒಂಬತ್ತು ಮರಗಳನ್ನು ನೆಟ್ಟಿದ್ದಾರೆ. ಜಾತ್ರೆಗೆ ಬರುವ ಹುಡುಗ ಹುಡುಗಿಯರು ಕಿತ್ತಳೆ ವೇದಿಕೆಯ ಕಡೆಗೆ ಹೋಗುವ ಮುನ್ನ ಕೆಲವೊಮ್ಮೆ ಅಲ್ಲಿ ಹೂವಿಟ್ಟು ಹೋಗುತ್ತಾರೆ.